ಟರ್ಕಿಯ ಚಿತ್ರ ಮ್ಯೂಸಿಯಂನಲ್ಲಿ ಇಷ್ಟೊಂದು ಪಾಷಾಗಳು ಯಾಕೆ?

ಓದುಗರ ಪ್ರಶ್ನೆ: ಇಸ್ತಾಂಬುಲ್‌ನ ಚಿತ್ರ ಮತ್ತು ಶಿಲ್ಪ ಮ್ಯೂಸಿಯಂನ ಹಳೆಯ ಚಿತ್ರಗಳ ಜೊತೆ 'ಪಾಷಾ' ಅನ್ನುವ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಪಾಷಾ ಅಂದರೆ ಸೇನೆಯ ದೊಡ್ಡ ಅಧಿಕಾರಿ ಅಲ್ವಾ? ಅವರಿಗೂ ಚಿತ್ರಕ್ಕೂ ಏನು ಸಂಬಂಧ?

ಉತ್ತರ: ಅವರು ಕುಂಚ ಹಿಡಿಯಲು ಕಲಿತದ್ದೇ ಸೇನೆಯ ಶಾಲೆಯಲ್ಲಿ.

ಕ್ಯಾಮೆರಾ ಇನ್ನೂ ಬಂದಿರದ ಕಾಲ. ಕೋಟೆ ಹೇಗಿದೆ, ಫಿರಂಗಿ ಎಲ್ಲಿಡಬೇಕು, ಗುಡ್ಡ ಎಷ್ಟು ದೂರ, ಎಲ್ಲವನ್ನೂ ಕಾಗದದ ಮೇಲೆ ಬಿಡಿಸಿ ತೋರಿಸಬೇಕಿತ್ತು. ಹಾಗಾಗಿ 1795ರ ಸೇನಾ ಎಂಜಿನಿಯರಿಂಗ್ ಶಾಲೆಯಲ್ಲೂ 1834ರ ಯುದ್ಧ ಶಾಲೆಯಲ್ಲೂ ಡ್ರಾಯಿಂಗ್ ಒಂದು ಪಾಠವಾಗಿತ್ತು. ಅರಮನೆಯ ಕಲಾವಿದರು ಪುಸ್ತಕಗಳಿಗೆ ಪುಟ್ಟ ಚಿತ್ರ ಬರೆಯುವ ಹಳೆಯ ಪರಂಪರೆ ಇತ್ತು, ನಿಜ. ಆದರೆ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ಯುರೋಪಿನ ಲೆಕ್ಕವನ್ನು ಕ್ರಮವಾಗಿ ಕಲಿಸಿದ್ದು ಈ ಶಾಲೆಗಳು.

ನನಗೆ ಇವರಲ್ಲಿ ತುಂಬ ಇಷ್ಟವಾದವರು ಶೆಕೆರ್ ಅಹ್ಮದ್ ಪಾಷಾ (1841–1907). ಶೆಕೆರ್ ಅಂದರೆ ಸಕ್ಕರೆ. ಸಿಹಿಯಾದ ಸ್ವಭಾವಕ್ಕೆ ಬಂದ ಅಡ್ಡಹೆಸರು. ನಮ್ಮ 'ಸಕ್ಕರೆ', ಅವರ 'ಶೆಕೆರ್' ಎರಡರ ಬೇರೂ 'ಶರ್ಕರಾ'ದಲ್ಲೇ ಇದೆ! ಅವರನ್ನು ಪ್ಯಾರಿಸ್‌ಗೆ ಓದಲು ಕಳಿಸಿದ್ದು ಸುಲ್ತಾನ ಅಬ್ದುಲ್ ಅಜೀಜ್. ಮರಳಿ ಬಂದು 1873ರಲ್ಲಿ ಇಸ್ತಾಂಬುಲ್‌ನಲ್ಲಿ ಚಿತ್ರಪ್ರದರ್ಶನ ನಡೆಸಿದರು. ಸೇನೆಯವರಾದರೂ ಈ ಪಾಷಾ ಬರೆದದ್ದು ಜಾಸ್ತಿ ಹಣ್ಣು, ಹೂವು, ಕಾಡು. ಅವರ ಒಂದು ಚಿತ್ರದಲ್ಲಿ ದಟ್ಟ ಕಾಡಿನೊಳಗೆ ಒಬ್ಬ ಸೌದೆ ಕಡಿಯುವವನಿದ್ದಾನೆ. ಮರಗಳ ಮುಂದೆ ಅವನು ಎಷ್ಟು ಚಿಕ್ಕವನು ಅಂದರೆ, ಕಣ್ಣು ಮೊದಲು ಅವನನ್ನು ಹುಡುಕಬೇಕು.

ಶಿಲ್ಪದ ಕಥೆ ಬೇರೆ. ಸೇನೆಗೆ ನಕ್ಷೆ ಬೇಕಿತ್ತು, ಮೂರ್ತಿ ಬೇಕಿರಲಿಲ್ಲ. 1883ರಲ್ಲಿ ಚಿತ್ರಕಾರ ಒಸ್ಮಾನ್ ಹಮ್ದಿ ಬೇ ಮುಂದಾಳತ್ವದಲ್ಲಿ ಕಲಾಶಾಲೆ ತೆರೆದಾಗ ಯೆರ್ವಾಂತ್ ಓಸ್ಗಾನ್ ಅಲ್ಲಿ ಶಿಲ್ಪ ಕಲಿಸಲು ಶುರುಮಾಡಿದರು.

1937ರಲ್ಲಿ ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ಅವರ ಆದೇಶದಂತೆ ದೊಲ್ಮಾಬಾಹ್ಚೆ ಅರಮನೆಯ ಯುವರಾಜರ ವಸತಿಯಲ್ಲಿ ಈ ಮ್ಯೂಸಿಯಂ ಶುರುವಾಯಿತು. ಈಗ ಅದು ಬಾಸ್ಫರಸ್ ಜಲಸಂಧಿಯ ದಡದ ಹಳೆಯ ಬಂದರು ಗೋದಾಮಿನಲ್ಲಿದೆ.

ಅಲ್ಲಿಗೆ ಹೋದರೆ ಹೋಜಾ ಅಲಿ ರಿಜಾ ಅವರ ಹೆಸರನ್ನೂ ಹುಡುಕಿ. ಹೋಜಾ ಅಂದರೆ ಮೇಷ್ಟ್ರು. ಸೇನಾ ಶಾಲೆಯಲ್ಲಿ ವರ್ಷಗಟ್ಟಲೆ ಡ್ರಾಯಿಂಗ್ ಕಲಿಸಿದವರು. ಕೋಟೆ ಅಳೆಯಲು ಹುಟ್ಟಿದ ಆ ವಿದ್ಯೆಯಿಂದ ಅವರು ಇಸ್ತಾಂಬುಲ್‌ನ ತಮ್ಮ ಬಡಾವಣೆ ಉಸ್ಕುದಾರಿನ ಮರದ ಮನೆಗಳನ್ನೂ ಓಣಿಗಳನ್ನೂ ಬಿಡಿಸಿದರು.