ಒಳಗೆ ನುಂಗ್ತಿದ್ದ ಕೂಸು ಹೊರಗೆ ಬಂದು ಯಾಕೆ ಕುಡಿಯಲ್ಲ?

30 ವಾರಕ್ಕೇ ಹುಟ್ಟಿದ ಮಗು, 1 ಕೆಜಿ 300 ಗ್ರಾಂ, ಬಾಯಲ್ಲಿ ಸಣ್ಣ ಟ್ಯೂಬ್ ಹಾಕಿ ಎರಡು ಗಂಟೆಗೊಂದ್ಸಲ ತಾಯಿ ಹಾಲು 2 ಎಂಎಲ್ ಬಿಡ್ತಿದ್ವಿ. ಅಜ್ಜಿ ಗಾಜಿನಾಚೆ ನಿಂತು ನೋಡಿ ನೋಡಿ ಒಂದಿನ ಕೇಳೇಬಿಟ್ರು, "ಸ್ಕ್ಯಾನಲ್ಲಿ ಮಗು ನೀರು ಕುಡೀತಿದೆ ಅಂತ ತೋರ್ಸಿದ್ರಲ್ಲ ಡಾಕ್ಟ್ರೇ, ಒಳಗೆ ಕುಡೀತಿದ್ದ ಕೂಸಿಗೆ ಈಗ ಒಳಲೇಲಿ ಎರಡು ಗುಟುಕು ಹಾಕಿದ್ರೆ ಏನಾಗುತ್ತೆ?"

ಅಜ್ಜಿ ಹೇಳಿದ್ದು ಸುಳ್ಳಲ್ಲ. ಮಗು ಸುಮಾರು 11-12 ವಾರಕ್ಕೇ ತನ್ನ ಸುತ್ತ ಇರೋ ಗರ್ಭದ ನೀರನ್ನ ನುಂಗೋಕೆ ಶುರು ಮಾಡುತ್ತೆ. ಅದಕ್ಕೂ ಮುಂಚೆ ಇನ್ನೊಂದು ವಿಚಿತ್ರ ನಡೆದಿರುತ್ತೆ, ಕರುಳು ಎಷ್ಟು ಬೇಗ ಉದ್ದ ಆಗುತ್ತೆ ಅಂದ್ರೆ ಪುಟ್ಟ ಹೊಟ್ಟೇಲಿ ಜಾಗ ಸಾಲದೆ 6ನೇ ವಾರದ ಹೊತ್ತಿಗೆ ಹೊಕ್ಕಳಬಳ್ಳಿಯೊಳಗೆ ಹೋಗಿ ಸೇರಿಕೊಂಡಿರುತ್ತೆ, ಆಮೇಲೆ 10-12 ವಾರದಷ್ಟರಲ್ಲಿ ತಿರುಗಿಕೊಂಡು ವಾಪಸ್ ಬಂದು ತನ್ನ ಜಾಗದಲ್ಲಿ ಕೂರುತ್ತೆ.

5ನೇ ತಿಂಗಳ ಸ್ಕ್ಯಾನಲ್ಲಿ ಮಗುವಿನ ಎಡಗಡೆ ಒಂದು ಕಪ್ಪು ಗುಳ್ಳೆ ಕಾಣುತ್ತೆ, ಅದೇ ಹೊಟ್ಟೆ, ಅದರೊಳಗಿರೋದು ಮಗು ನುಂಗಿದ ನೀರು. ಕೆಲವು ಸಲ ಕಾಣಲ್ಲ, ಆಗ ತಾಯೀನ ಅರ್ಧ ಗಂಟೆ ಓಡಾಡ್ಕೊಂಡು ಬಾಮ್ಮ ಅಂತ ಕಳಿಸಿ ಮತ್ತೆ ನೋಡ್ತೀವಿ, ಅಷ್ಟರಲ್ಲಿ ಮಗು ಒಂದು ಗುಟುಕು ನುಂಗಿರುತ್ತೆ, ಗುಳ್ಳೆ ತುಂಬಿರುತ್ತೆ! ದಿನ ತುಂಬೋ ಹೊತ್ತಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ನುಂಗುತ್ತೆ, ಅದನ್ನೇ ಉಚ್ಚೆ ಮಾಡುತ್ತೆ, ಮತ್ತೆ ಅದನ್ನೇ ನುಂಗುತ್ತೆ. ಅಸಹ್ಯ ಪಡಬೇಡಿ, ಹೊಟ್ಟೆಯೊಳಗೆ ಆ ಉಚ್ಚೇಲಿ ಕೊಳಕು ಇರಲ್ಲ, ಕಸ ತೆಗೆಯೋ ಕೆಲಸ ಮಾಸಿನದ್ದು. ಹೊಟ್ಟೆ ತುಂಬಿಸಿಕೊಳ್ಳೋಕೆ ನುಂಗೋದೂ ಅಲ್ಲ, ಊಟ ಹೊಕ್ಕಳಬಳ್ಳೀಲೇ ಬರುತ್ತೆ. ಆದ್ರೆ ಆ ನೀರು ಹರಿದಾಡಿದ್ರೇನೇ ಕರುಳಿನ ಒಳಪದರ ಚೆನ್ನಾಗಿ ಬೆಳೆಯೋದು. ನುಂಗಿದ ಕೂದಲು, ಮೈಮೇಲಿನ ಬಿಳಿ ಜಿಡ್ಡು, ಪಿತ್ತ, ಲೋಳೆ ಎಲ್ಲಾ ಸೇರಿ ಡಾಂಬರಿನ ಥರ ಹಸಿರುಗಪ್ಪು ಕಕ್ಕ ಆಗುತ್ತೆ. ಹುಟ್ಟಿದ 24 ಗಂಟೇಲಿ ಅದು ಬರಬೇಕು. 48 ಗಂಟೆ ಆದ್ರೂ ಬಂದಿಲ್ಲ ಅಂದ್ರೆ ಕರುಳಲ್ಲಿ ತಡೆ ಇದ್ಯಾ ಅಂತ ನಾವು ಹುಡುಕಲೇಬೇಕು.

1937ರಲ್ಲಿ ಡಿ ಸ್ನೂ ಅನ್ನೋ ಡಚ್ ಡಾಕ್ಟ್ರು, ಗರ್ಭದ ನೀರು ಜಾಸ್ತಿ ಇದ್ದ ಹೆಂಗಸರಿಗೆ ಆ ನೀರಿಗೇ ಸ್ಯಾಕರಿನ್ ಸೇರಿಸಿ ನೋಡಿದ್ರು, ಸಿಹಿಯಾದ್ರೆ ಮಗು ಜಾಸ್ತಿ ಕುಡೀಬಹುದು ಅನ್ನೋ ಲೆಕ್ಕ. ಈಗ ಹಾಗೆ ಮಾಡಲ್ಲ, ನೀರು ಜಾಸ್ತಿ ಅಂತ ಬಂದ್ರೆ ತಾಯಿ ಶುಗರ್ ನೋಡ್ತೀವಿ, ಮಗು ನುಂಗ್ತಿದೆಯಾ ಅಂತಾನೂ ನೋಡ್ತೀವಿ. ಅನ್ನನಾಳ ಅರ್ಧಕ್ಕೇ ಮುಚ್ಚಿಕೊಂಡಿದ್ರೆ ನೀರು ಕೆಳಗೆ ಇಳಿಯಲ್ಲ. ಅಂಥ ಮಗು ಹುಟ್ಟಿದ ತಕ್ಷಣ ಬಾಯಲ್ಲಿ ನೊರೆ ನೊರೆ ಬರುತ್ತೆ, ಟ್ಯೂಬ್ ಹಾಕಿದ್ರೆ ಸುಮಾರು 10 ಸೆಂಟಿಮೀಟರಿಗೇ ನಿಂತುಬಿಡುತ್ತೆ. ಆಗ ಯಾರಾದ್ರೂ ಶಾಸ್ತ್ರಕ್ಕೆ ಅಂತ ಜೇನುತುಪ್ಪ ನೆಕ್ಕಿಸಿದ್ರೆ, ಸಕ್ಕರೆ ನೀರು ಹಾಕಿದ್ರೆ, ಅದು ಶ್ವಾಸಕೋಶಕ್ಕೆ ಹೋಗುತ್ತೆ. ದಯವಿಟ್ಟು ಯಾವ ಮಗೂಗೂ ಹಾಕಬೇಡಿ.

ಈಗ ಅಜ್ಜಿ ಪ್ರಶ್ನೆಗೆ ಬರ್ತೀನಿ. ಒಳಗೆ ನುಂಗೋವಾಗ ಮಗೂಗೆ ಉಸಿರಾಟದ ಚಿಂತೆ ಇರಲ್ಲ, ಆಕ್ಸಿಜನ್ ಮಾಸಿನಿಂದ ಬರುತ್ತೆ. ಹೊರಗೆ ಬಂದ ಮೇಲೆ ಚೀಪಬೇಕು, ನುಂಗಬೇಕು, ನುಂಗೋ ಕ್ಷಣ ಉಸಿರು ನಿಲ್ಲಿಸಿ ಮತ್ತೆ ಎಳ್ಕೋಬೇಕು, ಈ ಮೂರೂ ತಾಳಕ್ಕೆ ಸರಿಯಾಗಿ ಕೂಡೋದು ಸುಮಾರು 34 ವಾರಕ್ಕೆ. ಕರುಳಿನ ಅಲೆ ಥರದ ಚಲನೆ ಹದಕ್ಕೆ ಬರೋದೂ ಹೆಚ್ಚುಕಮ್ಮಿ ಆ ಹೊತ್ತಿಗೇ, ಹಾಲಿನ ಸಕ್ಕರೆ ಅರಗಿಸೋ ಲ್ಯಾಕ್ಟೇಸ್ ಪೂರ್ತಿ ಬರೋಕೆ ಇನ್ನೂ ಸಮಯ ಬೇಕು. ಅದಕ್ಕೇ 2 ಎಂಎಲ್, ಅದೂ ಟ್ಯೂಬಲ್ಲಿ, ಅದೂ ತಾಯಿ ಹಾಲೇ.

ಇಷ್ಟನ್ನೂ ಅಜ್ಜಿಗೆ ಹೇಳಿದೆ. "ಅಂದ್ರೆ ಕಲಿಯೋ ಮುಂಚೆನೇ ಬಂದ್ಬಿಟ್ಟಿದೆ" ಅಂದ್ರು, ಹೌದು ಅಂದೆ. 32 ವಾರ ದಾಟಿದ ಮೇಲೆ ಒಳಲೇಲಿ ಹನಿ ಹನಿ ಶುರು ಮಾಡಿದ್ವಿ, ಅಜ್ಜೀನೇ ಹಿಡ್ಕೊಂಡ್ರು, ಕೈ ನಡುಗ್ತಿತ್ತು. 34 ವಾರ ಆದ ಮೂರನೇ ದಿನ ತಾಯಿ ಎದೆಗೆ ಹಾಕಿದ್ವಿ. ನಾಲ್ಕು ಸಲ ಚೀಪಿತು, ಗುಟುಕ್ ಅಂತ ನುಂಗಿತು, ಬಾಯಿ ಬಿಡದೇನೇ ನಿಲ್ಲಿಸಿ ಒಂದು ಉಸಿರು ಎಳ್ಕೊಂಡು ಮತ್ತೆ ಚೀಪೋಕೆ ಶುರು ಮಾಡ್ತು.