ಸದ್ದಿಲ್ಲದ ಕಾರಿಗೆ ಸದ್ದು ಕೂರಿಸಿದ್ದು ಹೇಗೆ

ಎಲೆಕ್ಟ್ರಿಕ್ ಕಾರು, ಬಸ್ಸು, ಲಾರಿಗಳು ನಿಧಾನವಾಗಿ ಹೋಗುವಾಗ ಬೇಕೆಂದೇ ಸದ್ದು ಮಾಡಬೇಕು ಎನ್ನುವ ಕರಡು ಅಧಿಸೂಚನೆಯನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿತು. ಹೊಸ ಮಾಡೆಲ್‌ಗಳಿಗೆ 2026ರ ಅಕ್ಟೋಬರ್ 1, ಈಗಾಗಲೇ ತಯಾರಾಗುತ್ತಿರುವ ಮಾಡೆಲ್‌ಗಳಿಗೆ 2027ರ ಅಕ್ಟೋಬರ್ 1 ಅದರಲ್ಲಿದ್ದ ಗಡುವು. ಸದ್ದು ಎಷ್ಟಿರಬೇಕೆಂಬ ಲೆಕ್ಕವನ್ನು ಎಐಎಸ್-173 ಎಂಬ ಮಾನದಂಡಕ್ಕೆ ಬಿಡಲಾಗಿದೆ. ಹಾರ್ನ್ ಹಾವಳಿಯಿಂದ ಕಿವಿ ತೂತಾದ ನಾಡಿಗೆ ಇನ್ನೊಂದು ಸದ್ದು ಯಾಕೆ ಎನ್ನುವವರು ಕೆಲವರು. ‘ಗಾಡಿ ಬೆನ್ನಿಗೇ ಬಂದು ನಿಂತರೂ ಗೊತ್ತಾಗಲ್ಲ’ ಎನ್ನುವವರು ಇನ್ನು ಕೆಲವರು. ಇಬ್ಬರದೂ ಸುಳ್ಳಲ್ಲ, ಇಬ್ಬರೂ ಬೇರೆ ಬೇರೆ ರಸ್ತೆಯ ಮಾತಾಡುತ್ತಿದ್ದಾರೆ ಅಷ್ಟೆ.

ಒಂದು ಕಾಲಕ್ಕೆ ಮೌನವೇ ಈ ಕಾರುಗಳ ಜಾಹೀರಾತಾಗಿತ್ತು. 1900ರ ಆಸುಪಾಸಿನಲ್ಲಿ ಅಮೆರಿಕದ ಪೇಟೆಗಳಲ್ಲಿ ಅವನ್ನು ಕೊಂಡವರು ಹೊಗೆಯಿಲ್ಲ, ಗದ್ದಲವಿಲ್ಲ, ಹ್ಯಾಂಡಲ್ ತಿರುಗಿಸುವ ರಗಳೆಯಿಲ್ಲ ಎಂದೇ ಕೊಂಡರು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದಿತು, ಪೆಟ್ರೋಲ್ ಗೆದ್ದಿತು, ಮುಂದಿನ ಎಂಟು ದಶಕ ಈ ಮಾತೇ ಏಳಲಿಲ್ಲ. 1997ರಲ್ಲಿ ಜಪಾನಿನಲ್ಲಿ ಪೆಟ್ರೋಲ್ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟಾರೂ ಇರುವ ಹೈಬ್ರಿಡ್ ಕಾರು ಟೊಯೊಟಾ ಪ್ರಿಯಸ್, 2001ರಲ್ಲಿ ನಮ್ಮ ಬೆಂಗಳೂರಿನ ರೇವಾ ರಸ್ತೆಗಿಳಿದವು. ಊರಿನ ವಾಹನಸಾಗರದಲ್ಲಿ ರೇವಾ ಬೆರಳೆಣಿಕೆಯಷ್ಟಿದ್ದುದರಿಂದ ಅದರ ಮೌನ ಇಲ್ಲಿ ಯಾರನ್ನೂ ಕಾಡಲಿಲ್ಲ. ಅಮೆರಿಕದಲ್ಲಿ ಪ್ರಿಯಸ್ ಹೆಚ್ಚಿದಂತೆ ತಕರಾರು ಎದ್ದಿತು. ಎತ್ತಿದವರು ಕಣ್ಣು ಕಾಣದವರು.

ಬಿಳಿ ಕೋಲು ಹಿಡಿದವರಿಗೆ ಎಂಜಿನ್ ಸದ್ದು ಕೇವಲ ಎಚ್ಚರಿಕೆಯಲ್ಲ, ಅದೇ ಸಿಗ್ನಲ್ ದೀಪ. ತಮ್ಮ ಪಕ್ಕದ ರಸ್ತೆಯಲ್ಲಿ ನಿಂತಿದ್ದ ವಾಹನಗಳು ಒಮ್ಮೆಲೇ ಮುನ್ನುಗ್ಗುವ ಸದ್ದು ಕೇಳಿದರೆ ಅತ್ತ ಹಸಿರು ಬಿದ್ದಿದೆ, ಅದೇ ದಿಕ್ಕಿನಲ್ಲಿ ತಾವೂ ದಾಟಬಹುದು ಎಂದರ್ಥ. ಹಾಗೆ ದಾಟುವಾಗ ಓರೆಯಾಗದಂತೆ ನೇರ ನಡೆಯುವುದಕ್ಕೂ ಆ ಸದ್ದೇ ದಾರದ ಗೆರೆ. ಅಮೆರಿಕದ ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್ 2000ರ ದಶಕದಲ್ಲಿ ಇದನ್ನು ಗಟ್ಟಿಯಾಗಿ ಹೇಳತೊಡಗಿತು. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್‌ನಲ್ಲಿ ನಡೆದ ಪ್ರಯೋಗದಲ್ಲಿ ಗಂಟೆಗೆ 8 ಕಿ.ಮೀ. ವೇಗದ ಪೆಟ್ರೋಲ್ ಕಾರು ಯಾವ ಕಡೆಯಿಂದ ಬರುತ್ತಿದೆ ಎಂಬುದು ಸುಮಾರು 28 ಅಡಿ ದೂರದಲ್ಲಿರುವಾಗ ತಿಳಿದರೆ, ಹೈಬ್ರಿಡ್ ಕಾರಿನದು 7 ಅಡಿಗೆ ಬಂದಾಗ ತಿಳಿಯಿತು. ಸಮಯಕ್ಕೆ ಇಳಿಸಿದರೆ ಮೊದಲನೆಯದರಲ್ಲಿ ಸುಮಾರು 4 ಸೆಕೆಂಡು, ಎರಡನೆಯದರಲ್ಲಿ 1 ಸೆಕೆಂಡಿಗೂ ಕಡಿಮೆ.

ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2009ರಲ್ಲಿ ಅಪಘಾತದ ದಾಖಲೆಗಳನ್ನು ತೆಗೆದು ನೋಡಿತು. ನಿಲ್ಲುವಾಗ, ರಿವರ್ಸ್ ತೆಗೆಯುವಾಗ, ಪಾರ್ಕಿಂಗ್‌ನಿಂದ ಹೊರಬರುವಾಗ ಪಾದಚಾರಿಗೆ ಡಿಕ್ಕಿಯಾಗುವ ಸಂಭವ ಹೈಬ್ರಿಡ್‌ಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ ಇತ್ತು. 2011ರಲ್ಲಿ ಇನ್ನಷ್ಟು ದಾಖಲೆ ಸೇರಿಸಿದಾಗ ಒಟ್ಟಾರೆ ಅಂತರ ಪಾದಚಾರಿಗಳಿಗೆ ಶೇ 35, ಸೈಕಲ್ ಸವಾರರಿಗೆ ಶೇ 57. ಅಷ್ಟರಲ್ಲಿ ಜಪಾನ್ 2010ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಅಮೆರಿಕದ ಕಾಯ್ದೆಗೆ 2011ರ ಜನವರಿ 4ರಂದು ಅಧ್ಯಕ್ಷರ ಸಹಿ ಬಿದ್ದಿತು. ನಿಯಮ ಬರೆಯಲು ಮೂರು ವರ್ಷ ಕೊಟ್ಟಿದ್ದರು. ಬಂದದ್ದು 2016ರ ಡಿಸೆಂಬರ್‌ನಲ್ಲಿ, ಪೂರ್ಣ ಜಾರಿಯಾದದ್ದು 2021ರಲ್ಲಿ. ಆ ಹತ್ತು ವರ್ಷದಲ್ಲಿ ಮಾರಾಟವಾದ ಕಾರುಗಳು ಯಾವ ಸದ್ದನ್ನಾದರೂ ಮಾಡಬಹುದಿತ್ತು, ಮಾಡದೆಯೂ ಇರಬಹುದಿತ್ತು.

ತಡವಾದದ್ದಕ್ಕೆ ಒಂದು ತಾಂತ್ರಿಕ ಕಾರಣವೂ ಇತ್ತು. ‘ಸದ್ದು ಮಾಡು’ ಎಂದು ಬರೆಯುವುದು ಸುಲಭ, ಎಂಥ ಸದ್ದು ಎಂದು ಬರೆಯುವುದು ಕಷ್ಟ. ಬರೀ ಕೀಚಲು ದನಿ ಇಟ್ಟರೆ ವಯಸ್ಸಾದವರಿಗೆ ಕೇಳಿಸುವುದಿಲ್ಲ, ಏಕೆಂದರೆ ಕಿವಿ ಮೊದಲು ಕಳೆದುಕೊಳ್ಳುವುದೇ ಮೇಲಿನ ಆವರ್ತನಗಳನ್ನು. ಬರೀ ಗಡಸು ದನಿ ಇಟ್ಟರೆ ಊರಿನ ಗುಡುಗುಡು ಅದನ್ನು ನುಂಗುತ್ತದೆ, ಅಂಥ ದನಿಗೆ ದೊಡ್ಡ ಸ್ಪೀಕರ್ ಬೇರೆ ಬೇಕು. ಒಂದೇ ಸ್ವರದ ಶುದ್ಧ ನಾದ ಇಟ್ಟರೆ ಎಲ್ಲಿಂದ ಬರುತ್ತಿದೆ ತಿಳಿಯುವುದಿಲ್ಲ: ಸುಮಾರು 1500 ಹರ್ಟ್ಸ್‌ಗಿಂತ ಕೆಳಗೆ ನಮ್ಮ ಮೆದುಳು ಎರಡೂ ಕಿವಿಗೆ ಸದ್ದು ತಲುಪುವ ಸಮಯದ ವ್ಯತ್ಯಾಸದಿಂದ, ಅದಕ್ಕಿಂತ ಮೇಲೆ ಜೋರಿನ ವ್ಯತ್ಯಾಸದಿಂದ ದಿಕ್ಕು ಹಿಡಿಯುತ್ತದೆ. ಎರಡಕ್ಕೂ ಆಹಾರ ಬೇಕು.

ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 138ನೇ ನಿಯಮ ಈ ಗಂಟು ಬಿಡಿಸಿದ ರೀತಿ ಚೆನ್ನಾಗಿದೆ. 2016ರಲ್ಲಿ ಜಾರಿಗೆ ಬಂದ ಈ ನಿಯಮದ ಪ್ರಕಾರ ಕಾರಿನ ನಡುಗೆರೆಯಿಂದ 2 ಮೀಟರ್ ಪಕ್ಕದಲ್ಲಿ, ನೆಲದಿಂದ 1.2 ಮೀಟರ್ ಎತ್ತರದಲ್ಲಿ ಮೈಕ್ ಇಟ್ಟು ಅಳೆಯಬೇಕು. 10 ಕಿ.ಮೀ. ವೇಗದಲ್ಲಿ ಕನಿಷ್ಠ 50 ಡೆಸಿಬೆಲ್, 20ರಲ್ಲಿ 56, ರಿವರ್ಸ್‌ನಲ್ಲಿ 47. ಮುಂದಕ್ಕೆ ಚಲಿಸುವಾಗ ಗರಿಷ್ಠ 75. ಕನಿಷ್ಠ ಎರಡು ಆವರ್ತನ ಪಟ್ಟಿಗಳಲ್ಲಿ ಸದ್ದಿರಬೇಕು, ಅದರಲ್ಲೊಂದು 1600 ಹರ್ಟ್ಸ್ ಅಥವಾ ಅದಕ್ಕಿಂತ ಕೆಳಗಿರಬೇಕು. 5ರಿಂದ 20 ಕಿ.ಮೀ. ನಡುವೆ ಪ್ರತಿ ಕಿ.ಮೀ.ಗೆ ಸರಾಸರಿ ಶೇ 0.8ರಷ್ಟಾದರೂ ಶ್ರುತಿ ಏರಬೇಕು. ಒಟ್ಟು ಶೇ 12. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಕಾರು 20 ಮುಟ್ಟುವಷ್ಟರಲ್ಲಿ ಷಡ್ಜದಿಂದ ಚತುಃಶ್ರುತಿ ರಿಷಭಕ್ಕೆ ಹೆಚ್ಚುಕಡಿಮೆ ಬಂದಿರುತ್ತದೆ. ವೇಗ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ನೋಡದೆಯೇ ತಿಳಿಯುವುದು ಇದರಿಂದ.

20 ದಾಟಿದ ಮೇಲೆ ಟೈರ್ ಮತ್ತು ಗಾಳಿಯ ಸದ್ದೇ ಸಾಕು ಎಂಬುದು ಈ ನಿಯಮದ ನಂಬಿಕೆ. ಅಮೆರಿಕ 30 ಕಿ.ಮೀ.ವರೆಗೂ ಕೇಳುತ್ತದೆ. ಅದಕ್ಕಿಂತ ಮುಖ್ಯ ವ್ಯತ್ಯಾಸ ಇನ್ನೊಂದು. ಗೇರ್ ಹಾಕಿ ನಿಂತ ಕಾರೂ ಸದ್ದು ಮಾಡಬೇಕು ಎನ್ನುತ್ತದೆ ಅಮೆರಿಕ, 138ನೇ ನಿಯಮದಲ್ಲಿ ಅದು ಐಚ್ಛಿಕ. ಮೂಲೆಯಲ್ಲಿ ತಿರುವಿಗೆ ಕಾದು ನಿಂತ ಕಾರು ಇದೆಯೆಂಬುದೇ ತಿಳಿಯದೆ ಹೆಜ್ಜೆ ಇಡುವವರನ್ನು ನೆನೆದರೆ ಅಮೆರಿಕದ್ದೇ ಸರಿ ಎನಿಸುತ್ತದೆ. ಮೊದಮೊದಲು ಚಾಲಕರಿಗೆ ಸದ್ದು ನಿಲ್ಲಿಸುವ ಸ್ವಿಚ್ ಇರುತ್ತಿತ್ತು, 2010ರ ನಿಸಾನ್ ಲೀಫ್‌ನಲ್ಲೂ ಇತ್ತು. ಆಮೇಲೆ ತಿದ್ದುಪಡಿ ತಂದು ತೆಗೆಸಿದರು. ಯುರೋಪಿನಲ್ಲಿ 2019ರ ಜುಲೈನಿಂದ ಹೊಸ ಮಾದರಿಗಳಿಗೆ, 2021ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ.

ಅಪಾಯ ನಿಜವೇ ಎಂಬ ಪ್ರಶ್ನೆಗೆ ಬ್ರಿಟನ್ನಿನ ಅಂಕಿಅಂಶ ಎರಡು ಉತ್ತರ ಕೊಟ್ಟಿದೆ. 2013ರಿಂದ 2017ರ ದಾಖಲೆ ಆಧರಿಸಿ 2024ರಲ್ಲಿ ಬಂದ ಅಧ್ಯಯನದಲ್ಲಿ, ಓಡಿದ ದೂರಕ್ಕೆ ಹೋಲಿಸಿದರೆ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳು ಪಾದಚಾರಿಗಳಿಗೆ ಡಿಕ್ಕಿ ಹೊಡೆದದ್ದು ಇಮ್ಮಡಿ. 10 ಕೋಟಿ ಮೈಲಿಗೆ 5.16, ಪೆಟ್ರೋಲ್-ಡೀಸೆಲ್‌ನದು 2.40. ಅಂತರವೆಲ್ಲ ಪಟ್ಟಣಗಳಲ್ಲಿ, ಹಳ್ಳಿರಸ್ತೆಯಲ್ಲಿ ಇಲ್ಲ. 2019ರಿಂದ 2023ರ ದಾಖಲೆ ನೋಡಿದ ಇನ್ನೊಂದು ಅಧ್ಯಯನದಲ್ಲಿ ಪೂರ್ಣ ಎಲೆಕ್ಟ್ರಿಕ್ ಕಾರುಗಳ ಪ್ರಮಾಣ ಪೆಟ್ರೋಲ್ ಕಾರಿನಷ್ಟೇ ಇತ್ತು. ಸದ್ದು ಕೂರಿಸಿದ್ದರಿಂದ ಹೀಗಾಯಿತು ಎಂದು ಇಷ್ಟರಿಂದಲೇ ಹೇಳುವಂತಿಲ್ಲ. ಹೊಸ ಕಾರುಗಳಿಗೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯೂ ಅದೇ ಹೊತ್ತಿಗೆ ಬಂದಿತು.

ಇನ್ನು ನಮ್ಮ ರಸ್ತೆ. ಭಾರತದ 2000ದ ಶಬ್ದ ಮಾಲಿನ್ಯ ನಿಯಮ ವಾಣಿಜ್ಯ ಪ್ರದೇಶಕ್ಕೆ ಹಗಲಲ್ಲಿ 65 ಡೆಸಿಬೆಲ್ ಮಿತಿ ಹಾಕಿದೆ, ಅವೆನ್ಯೂ ರಸ್ತೆಯಲ್ಲಿ ನಿಂತವರು ಆ ಮಿತಿಯನ್ನು ಕಾಗದದಲ್ಲಷ್ಟೇ ನೋಡಿಯಾರು. ಅದರೊಳಗೆ 2 ಮೀಟರ್‌ನಲ್ಲಿ 56 ಇರುವ ಸದ್ದು, ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಕಳೆದುಕೊಂಡು, 8 ಮೀಟರ್‌ಗೆ 44 ಆಗುತ್ತದೆ. 20 ಕಿ.ಮೀ. ವೇಗದ ಕಾರು ನಿಲ್ಲಲು, ಚಾಲಕ ಎಚ್ಚೆತ್ತುಕೊಳ್ಳುವ ಒಂದೂವರೆ ಸೆಕೆಂಡು ಸೇರಿಸಿ, 11 ಮೀಟರ್ ಬೇಕು. ಮುಖ್ಯರಸ್ತೆಯಲ್ಲಿ ಈ ಸ್ಪೀಕರ್‌ನಿಂದ ದೊಡ್ಡ ಉಪಕಾರವಿಲ್ಲ. ಅದು ಕೆಲಸಕ್ಕೆ ಬರುವುದು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ, ಶಾಲೆಯ ಗೇಟಿನ ಬಳಿ, ಬೆಳಗಿನ ಜಾವ ರಂಗೋಲಿ ಹಾಕಲು ಬಗ್ಗಿದವರ ಬೆನ್ನ ಹಿಂದೆ, ಮತ್ತು ಫುಟ್‌ಪಾತ್ ಇಲ್ಲದ ಅಡ್ಡರಸ್ತೆಗಳಲ್ಲಿ. ಫುಟ್‌ಪಾತ್ ಇದ್ದಿದ್ದರೆ ಈ ಪಟ್ಟಿ ಇನ್ನಷ್ಟು ಚಿಕ್ಕದಾಗುತ್ತಿತ್ತು.

ಕರಡಿನಲ್ಲಿರುವುದು ಎಂ ಮತ್ತು ಎನ್ ವರ್ಗ, ಅಂದರೆ ಜನ ಸಾಗಿಸುವ, ಸರಕು ಸಾಗಿಸುವ, ಕನಿಷ್ಠ ನಾಲ್ಕು ಚಕ್ರದ ವಾಹನಗಳು. 138ನೇ ನಿಯಮವೂ ಅಷ್ಟಕ್ಕೇ ನಿಲ್ಲುತ್ತದೆ, ಏಕೆಂದರೆ ಅದು ಹುಟ್ಟಿದ್ದು ಕಾರುಗಳ ನಾಡಿನಲ್ಲಿ. ನಮ್ಮ ಬೀದಿಗಳಲ್ಲಿ ಸದ್ದಿಲ್ಲದೆ ಬರುವುದು ಹೆಚ್ಚಾಗಿ ಸ್ಕೂಟರ್, ಆಟೊ. ಟೈರ್ ಸಣ್ಣದು, ಭಾರ ಕಡಿಮೆ, ಹಾಗಾಗಿ 20 ದಾಟಿದರೂ ಸ್ಕೂಟರಿನ ಟೈರ್ ಸದ್ದು ಕಾರಿನಷ್ಟಿಲ್ಲ. ಒನ್‌ವೇಯಲ್ಲಿ ಎದುರುಗಡೆಯಿಂದ, ಒಮ್ಮೊಮ್ಮೆ ಫುಟ್‌ಪಾತ್ ಮೇಲೆಯೇ ಬರುವುದೂ ಅದೇ.

ಸದ್ದಿನ ಪೆಟ್ಟಿಗೆ ಈಗಾಗಲೇ ಇರುವ ಕಾರುಗಳಲ್ಲಿ ಅದು ಕೆಡುವ ಬಗೆ ಸರಳ. ಸಾಮಾನ್ಯವಾಗಿ ಮುಂದಿನ ಬಂಪರ್ ಹಿಂದೆ ಅಂಗೈ ಅಗಲದ ಸ್ಪೀಕರ್, ವೇಗದ ಸಂಕೇತ ಪಡೆದು ರೆಕಾರ್ಡ್ ಮಾಡಿದ ದನಿಯನ್ನು ಏರಿಸಿ ಇಳಿಸುವ ಸಣ್ಣ ಕಂಟ್ರೋಲರ್, ಇಷ್ಟೇ ಭಾಗಗಳು. ಮಳೆಗಾಲದ ಕೆಸರು ಜಾಲರಿಗೆ ಮೆತ್ತಿದರೆ ಮೊದಲು ಮೇಲಿನ ಆವರ್ತನ ಸಾಯುತ್ತದೆ, ದನಿ ಮೂಗು ಕಟ್ಟಿದಂತಾಗುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಜೆಟ್ ಹತ್ತಿರ ಹಿಡಿದರೆ ಪೊರೆ ಹರಿದು ಗರಗರ ಎನ್ನುತ್ತದೆ. ಬಂಪರ್ ರಿಪೇರಿಯ ನಂತರ ಪ್ಲಗ್ ಸಿಕ್ಕಿಸುವುದು ಮರೆತುಹೋಗುವುದೂ ಉಂಟು, ಒಳಗೆ ಕೂತವರಿಗೆ ಅದು ತಿಳಿಯುವುದೇ ಇಲ್ಲ. ಪರೀಕ್ಷಿಸಲು ಖಾಲಿ ಬೇಸ್‌ಮೆಂಟ್ ಸಾಕು. ಕಿಟಕಿ ಇಳಿಸಿ, ಫ್ಯಾನ್ ಆರಿಸಿ, ಗೋಡೆಯ ಪಕ್ಕದಲ್ಲೇ 10 ಕಿ.ಮೀ. ವೇಗದಲ್ಲಿ ಸಾಗಿ, ಗೋಡೆಗೆ ಬಡಿದು ಬರುವ ದನಿ ಒಳಗೆ ಕೇಳಬೇಕು. ಕನಿಷ್ಠ 20ರವರೆಗೆ ಶ್ರುತಿ ಏರಿ ಆಮೇಲೆ ಕರಗಬೇಕು. ಇನ್ನೊಬ್ಬರನ್ನು ಹಿಂದೆ, ಆದರೆ ದಾರಿಯಿಂದ ಪಕ್ಕಕ್ಕೆ ನಿಲ್ಲಿಸಿ ರಿವರ್ಸ್ ಹಾಕಿ ಕೇಳಿ. ಸ್ಪೀಕರ್ ಮುಂದಿರುವುದರಿಂದ ಹಿಂದಕ್ಕೆ ತಲುಪುವ ದನಿ ಕಡಿಮೆ. ಡಿಕ್ಕಿ ಆಗುವುದು ಮಾತ್ರ ಹಿಂದಿನ ಬಂಪರಿಗೆ.