ಬಿಸಿಲಲ್ಲಿ ಬಯಲಾಗುವ ಹಾರ್ಟ್‌ನಪ್

ಫೆಬ್ರವರಿಯಲ್ಲಿ ಕೊಡಗಿನ ಕಾಫಿ ಕಣಗಳಲ್ಲಿ ಹಣ್ಣು ಒಣಗುತ್ತಿರುತ್ತದೆ. ಅಲ್ಲೇ ಆಡುವ ಮಕ್ಕಳ ಮೈ ಕಪ್ಪಾಗುವುದು ಸಹಜ. ಆದರೆ ಕೆನ್ನೆ, ಕತ್ತು, ಮುಂಗೈ, ಹೀಗೆ ಬಟ್ಟೆ ಮುಚ್ಚದ ಕಡೆಯಷ್ಟೇ ಚರ್ಮ ಕೆಂಪಾಗಿ, ಒರಟಾಗಿ ಸಿಪ್ಪೆ ಏಳುತ್ತಿದ್ದರೆ, ಆಗಾಗ ಮಗು ತೂರಾಡುತ್ತಾ ನಡೆದರೆ, ಬಿಸಿಲನ್ನಷ್ಟೇ ದೂರಿ ಪ್ರಯೋಜನವಿಲ್ಲ. ಅಪರೂಪಕ್ಕೆ ಇದರ ಮೂಲ ಕರುಳಿನಲ್ಲಿರುತ್ತದೆ.

1956ರಲ್ಲಿ ಲಂಡನ್ನಿನ ವೈದ್ಯರು ವರದಿ ಮಾಡಿದ ಈ ಕಾಯಿಲೆಗೆ ರೋಗಿಯ ಮನೆತನದ ಹೆಸರೇ ಅಂಟಿತು: ಹಾರ್ಟ್‌ನಪ್. ಕಾರಣವಾದ ಎಸ್‌ಎಲ್‌ಸಿ6ಎ19 ಜೀನ್ ಗೊತ್ತಾದದ್ದು 2004ರಲ್ಲಿ. ಪ್ರೋಟೀನು ಕಟ್ಟುವ ಬಿಡಿ ಇಟ್ಟಿಗೆಗಳೇ ಅಮೈನೊ ಆಮ್ಲಗಳು. ಟ್ರಿಪ್ಟೊಫ್ಯಾನ್‌ನಂಥ ತಟಸ್ಥ ಅಮೈನೊ ಆಮ್ಲಗಳನ್ನು ಸಣ್ಣಕರುಳಿನಲ್ಲಿ ಒಳಕ್ಕೆಳೆದುಕೊಳ್ಳುವ, ಮೂತ್ರಪಿಂಡದಲ್ಲಿ ಸೋರದಂತೆ ಹಿಡಿದಿಡುವ ಸಾಗಣೆ ಪ್ರೋಟೀನ್ ಈ ಜೀನಿನಿಂದಲೇ ತಯಾರಾಗಬೇಕು. ಅದು ಕೆಟ್ಟರೆ ಎರಡೂ ಕಡೆ ನಷ್ಟ. ನಮ್ಮ ದೇಹ ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ನಿಂದ 1 ಮಿಲಿಗ್ರಾಂ ನಿಯಾಸಿನ್ (ಬಿ3 ವಿಟಮಿನ್) ಮಾಡಿಕೊಳ್ಳುತ್ತದೆ. ಆ ಬಾಬ್ತು ಕಡಿಮೆಯಾದಾಗ ನಿಯಾಸಿನ್ ಕೊರತೆಯ ಕಾಯಿಲೆಯಾದ ಪೆಲ್ಲಾಗ್ರವನ್ನೇ ಹೋಲುವ ಲಕ್ಷಣಗಳು ಬರುತ್ತವೆ.

ಕುತೂಹಲದ ಸಂಗತಿಯೆಂದರೆ, ಈ ದೋಷ ಹೊತ್ತು ಹುಟ್ಟಿದ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಮಾಂಸ, ಬೇಳೆ ಜೀರ್ಣವಾಗುವಾಗ ಎರಡು ಮೂರು ಅಮೈನೊ ಆಮ್ಲಗಳು ಕೂಡಿಕೊಂಡಿರುವ ತುಣುಕುಗಳೂ ಹುಟ್ಟುತ್ತವೆ. ಅವು ಬೇರೆ ಸಾಗಣೆ ಪ್ರೋಟೀನಿನ ಮೂಲಕ ಒಳಗೆ ಹೋಗುತ್ತವೆ. ಪಂದಿಕರಿ, ಮೊಟ್ಟೆ, ಕಾಳು ಧಾರಾಳವಾಗಿರುವ ಮನೆಯಲ್ಲಿ ಜೀನಿನ ಕೊರತೆಯನ್ನು ತಟ್ಟೆಯೇ ತುಂಬಿಕೊಡುತ್ತದೆ. ಬರೀ ಅನ್ನ, ನೀರು ಸಾರಿನಲ್ಲಿ ದಿನ ಕಳೆಯುವ, ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಅದೇ ಜೀನ್ ಹೊರಬೀಳುವ ಸಂಭವ ಹೆಚ್ಚು. ಜ್ವರ, ಭೇದಿಯೂ ಕೆರಳಿಸಬಲ್ಲವು. ಸೂರ್ಯನೇ ಕಾಣದ ಆಷಾಢದ ಮಳೆಯಲ್ಲಿ ಚರ್ಮ ತಣ್ಣಗಿದ್ದರೆ ರೋಗ ವಾಸಿಯಾಯಿತೆಂದು ಅರ್ಥವಲ್ಲ.

ತಂದೆ, ತಾಯಿ ಇಬ್ಬರಿಂದಲೂ ಈ ಜೀನಿನ ಕೆಟ್ಟ ಪ್ರತಿ ಬಂದರೆ ಮಾತ್ರ ಇದು ಬರುತ್ತದೆ. ಕೊಡವರಲ್ಲಿ ಒಂದೇ ಒಕ್ಕದೊಳಗೆ (ಮನೆತನದೊಳಗೆ) ಮದುವೆಯಿಲ್ಲ, ಒಳ್ಳೆಯ ಕಟ್ಟಳೆಯೇ. ಆದರೆ ಒಕ್ಕ ನೋಡುವುದು ತಂದೆಯ ಕಡೆಯನ್ನು, ಜೀನ್‌ಗೆ ಆ ಲೆಕ್ಕವಿಲ್ಲ. ಸೋದರಮಾವನ ಮಗಳನ್ನು ತಂದರೆ ಅಜ್ಜನ ದೋಷ ಎರಡು ದಾರಿಯಿಂದಲೂ ಬರಬಹುದು. ಕರ್ನಾಟಕದ ಬೇರೆ ಕಡೆಯ ಸೋದರ ಸಂಬಂಧಗಳಿಗೂ ಇದೇ ಮಾತು.

ಚಿಕಿತ್ಸೆ ಸರಳ: ನಿಕೋಟಿನಮೈಡ್ (ನಿಯಾಸಿನ್‌ನದೇ ಒಂದು ರೂಪ) ಮಾತ್ರೆ, ಪ್ರೋಟೀನ್ ಹೆಚ್ಚಿರುವ ಊಟ, ಬಿಸಿಲಿಗೆ ಟೋಪಿ ಮತ್ತು ತುಂಬು ತೋಳು. ಪತ್ತೆಗೆ ಮೂತ್ರದಲ್ಲಿನ ಅಮೈನೊ ಆಮ್ಲಗಳ ಪರೀಕ್ಷೆ ಬೇಕು. ಒಬ್ಬರಲ್ಲಿ ಸಿಕ್ಕರೆ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಒಳ್ಳೆಯದು, ಅವರ ಚರ್ಮ ಎಷ್ಟೇ ಚೆನ್ನಾಗಿದ್ದರೂ.